ಅಪ್ಪನ ಸಹಿ

೯ ಜೂನ್ ೨೦೨೪, ರವಿವಾರ
ಲಕ್ಷ್ಮೇಶ್ವರ

ಮಧ್ಯಾಹ್ನ ತಂಗಿ ಸುನಿತಾ ಬಂದಳು. ಮುಂಡರಗಿ ಬಸ್ಸಿನಿಂದ ಇಳಿದು ಮನೆಯತನಕ ಸೆರಗನ್ನು ಬಾಯಿಗೆ ಒತ್ತಿಕೊಂಡೇ ನಡೆದು ಬಂದಿದ್ದಾಳೆ. ಇನ್ನೊಂದು ಕೈಯಲ್ಲಿ ಮಗಳು ಶಾಂಭವಿ. ಬಾಗಿಲು ತೆರೆದ ನನ್ನ ಹೆಂಡತಿ ಕಸ್ತೂರಿ ಒಂದು ಮಾತೂ ಕೇಳದೆ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಒಡಹುಟ್ಟಿದ ಅಣ್ಣನಾದ ನಾನು ಪಡಸಾಲೆಯಲ್ಲಿ ಗೋಡೆ ಹಿಡಿದು ನಿಂತಿದ್ದೆ. ರಕ್ತ ನೋಡಿದರೆ ನನಗೆ ಮೊದಲಿನಿಂದಲೂ ಕೈಕಾಲು ತಣ್ಣಗಾಗುತ್ತವೆ. ಶಾಲೆಯಲ್ಲಿ ಹುಡುಗರು ಬಿದ್ದು ಮೊಣಕಾಲು ಕೆತ್ತಿಸಿಕೊಂಡರೂ ನಾನು ಬೇರೆ ಮಾಸ್ತರರನ್ನು ಕರೆಯುತ್ತೇನೆ.

ಮುಂದಿನ ಎರಡು ಹಲ್ಲು ಹೋಗಿವೆ. ತುಟಿ ಸೀಳಿದೆ.

ಆದದ್ದು ಇಷ್ಟು. ಮಸ್ಕತ್ತಿನ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿದೆ. ಮಗಳನ್ನೂ ಕರೆದುಕೊಂಡು ಹೋಗಬಹುದು, ಇರಲಿಕ್ಕೆ ಮನೆ ಕೊಡುತ್ತಾರೆ. ಅವಳ ಪಾಸ್‌ಪೋರ್ಟ್ ಮೊದಲೇ ಇದೆ. ಶಾಂಭವಿಯದು ಮಾಡಿಸಬೇಕು. ಅದಕ್ಕೆ ತಾಯಿ ತಂದೆ ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಮ್ಮಿಗಿಯಲ್ಲಿ ಇವತ್ತು ಬೆಳಿಗ್ಗೆ ಆ ಪತ್ರವನ್ನು ಗಂಡನ ಮುಂದೆ ಇಟ್ಟಿದ್ದಾಳೆ. ವೀರು ಅದನ್ನು ಪೂರಾ ಓದಿ, ಮುದ್ದೆ ಮಾಡಿ, ಅವಳ ಕೂದಲು ಹಿಡಿದು ಬಾಯಿಯೊಳಗೆ ತುರುಕಿದನಂತೆ.

"ಸಹಿ ಬೇಕೇನ ನಿನಗ? ನುಂಗು. ನುಂಗಿ ಹೋಗು ಎಲ್ಲಿ ಹೊಕ್ಕಿ" ಅಂದನಂತೆ. ಉಗುಳಿದ್ದಕ್ಕೆ ಮೊಣಕೈಯಿಂದ ಹೊಡೆದ. ಶಾಂಭವಿ ಮಂಚದ ಕೆಳಗೆ ಕೂತು ಎಲ್ಲ ನೋಡಿದ್ದಾಳೆ. ಏಳು ವರ್ಷದ ಕೂಸು.

ಒಬ್ಬ ಮನುಷ್ಯ ಇನ್ನೊಂದು ಜೀವಕ್ಕೆ ಹೀಗೆ ಹೇಗೆ ಮಾಡುತ್ತಾನೆ ಅನ್ನುವುದು ನನಗೆ ತಿಳಿಯುತ್ತಿಲ್ಲ. ಬರೆದರೆ ತಿಳಿಯಬಹುದು ಅಂತ ಬರೆದೆ. ತಿಳಿಯಲಿಲ್ಲ.

೧೩ ಜೂನ್, ಗುರುವಾರ

ಮುಂಡರಗಿ ಪೊಲೀಸರಿಗೆ ಫಿರ್ಯಾದಿ ಕೊಟ್ಟೆವು. ಗದಗಿನ ಆಸ್ಪತ್ರೆಯ ಚೀಟಿಯನ್ನೂ ಹಚ್ಚಿದೆವು. ವೀರುನನ್ನು ಕರೆಸಿದರು, ಮುಚ್ಚಳಿಕೆ ಬರೆಸಿಕೊಂಡರು, ಸಂಜೆಗೆ ಬಿಟ್ಟರು. ಹೊರಗೆ ಬಂದವನು ನನ್ನ ಕಡೆ ನೋಡಿ ನಕ್ಕ. ಹಲ್ಲು ಬೆಳ್ಳಗಿವೆ ಅವನವು, ಸಾಲಾಗಿ.

ನಿನ್ನೆ ಗದಗಿನಲ್ಲಿ ತಸ್ಲೀಮ ವಕೀಲರನ್ನು ಕಂಡೆವು. ನನಗಿಂತ ಚಿಕ್ಕವರು, ಮಾತು ತೂಕದ್ದು. ದಾರಿ ಎರಡೇ ಅಂದರು. ತಂದೆ ಮನಸ್ಸು ಮಾಡಿ ಸಹಿ ಹಾಕಬೇಕು, ಇಲ್ಲವೇ ತಾಯಿ ಒಬ್ಬಳೇ ಕಾರಣ ಬರೆದುಕೊಟ್ಟು ಅರ್ಜಿ ಹಾಕಬೇಕು. ಆಗ ಅವನು ತಕರಾರು ತೆಗೆದರೆ ಕೋರ್ಟಿನ ಅಪ್ಪಣೆ ಬೇಕಾಗುತ್ತದೆ. ಹೋಗುವಾಗ ನನ್ನನ್ನು ನಿಲ್ಲಿಸಿ ಒಂದು ಮಾತು ಹೇಳಿದರು.

"ಮಾಸ್ತರ, ಈ ಕೇಸಿನ್ಯಾಗ ನಿಮ್ಮ ತಂಗಿ ಹತ್ರ ಇರೋದು ಒಂದ. ಕೂಸು ನಿಮ್ಮ ಮನ್ಯಾಗ ಸುರಕ್ಷಿತ ಐತಿ ಅನ್ನೋದು. ಅದನ್ನ ಕಾಯ್ರಿ."

ಇದನ್ನು ನನಗೆ ಹೇಳುವ ಅಗತ್ಯ ಇರಲಿಲ್ಲ. ಇಷ್ಟು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೇನೆ, ಒಂದು ಹುಡುಗನ ಕಿವಿ ಹಿಂಡಿದವನಲ್ಲ.

೨೩ ಜೂನ್, ರವಿವಾರ

ಒಳ್ಳೆಯ ಮಾತಿನಿಂದ ಆಗುತ್ತದೇನೋ ನೋಡೋಣ ಅಂತ ಹಮ್ಮಿಗಿಗೆ ಹೋದೆ. ಹೊಸ ಪತ್ರ ಒಯ್ದಿದ್ದೆ. ವೀರುನ ಅಪ್ಪ ದೇವೇಂದ್ರಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಸುನಿತಾಳ ಹಲ್ಲಿನ ಬಗ್ಗೆ ಕೇಳಿ ಕಣ್ಣು ಒರೆಸಿಕೊಂಡರು. ಊಟ ಮಾಡು ಅಂದರು, ರೊಟ್ಟಿ ಬದನೆಕಾಯಿ ಬಡಿಸಿದರು. ನಾನು ತುತ್ತು ಎತ್ತುವ ಹೊತ್ತಿಗೆ ಟ್ರ್ಯಾಕ್ಟರ್ ಬಂದು ನಿಂತಿತು.

ವೀರು ಇಳಿದು ಬಂದು ಯಾಕೆ ಬಂದೆ ಅಂತ ಕೇಳಲಿಲ್ಲ. ತಟ್ಟೆಯನ್ನು ಕಾಲಿನಿಂದ ಒದ್ದ. ನಾನು ಎದ್ದು, ವೀರು, ಒಂದು ಮಾತು ಕೇಳು, ಕೂಸಿನ ಸಲುವಾಗಿ, ಅನ್ನುತ್ತಿರುವಾಗ ಕೆನ್ನೆಗೆ ಹೊಡೆದ. ಕನ್ನಡಕ ಹಾರಿತು. ಅದನ್ನು ಹುಡುಕಲು ಬಗ್ಗಿದೆ, ಆಗ ಕುತ್ತಿಗೆ ಹಿಡಿದು ಮತ್ತೊಂದು ಹೊಡೆದ. ಓಣಿಯ ಜನ ಬಂದು ನಿಂತರು. ನೀರು ಹೊತ್ತು ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು.

"ಹೆಂಡ್ತಿನ್ನ ಓಡಿಸ್ಕೊಂಡು ಹೋಗಿ ಮನ್ಯಾಗ ಇಟ್ಕೊಂಡಾನ, ಇಂವಾ ಮಾಸ್ತರಂತ" ಅಂದ ಜನರ ಕಡೆ ತಿರುಗಿ. ಮತ್ತೂ ಏನೇನೋ ಅಂದ. ಅವನ್ನು ಬರೆಯಲಾರೆ.

ದೇವೇಂದ್ರಪ್ಪ ನಡುವೆ ಬಂದು ಮಗನ ಕೈ ಹಿಡಿದರು. ವೀರು ಕೊಸರಿಕೊಂಡಾಗ ಮುದುಕ ಕಟ್ಟೆಯಿಂದ ಕೆಳಗೆ ಬಿದ್ದರು. ಬಿದ್ದಲ್ಲಿಂದಲೇ ನನಗೆ ಹೇಳಿದರು, "ಹೋಗೋ ತಮ್ಮಾ, ಜಲ್ದಿ ಹೋಗು, ಇಂವಾ ಕೊಲ್ತಾನ." ನಾನು ಬಂದುಬಿಟ್ಟೆ. ಅವರನ್ನು ಎತ್ತಲೂ ಇಲ್ಲ.

ಬಸ್ಸಿನಲ್ಲಿ ಕೈ ಮುಷ್ಟಿಯಾಗೇ ಇತ್ತು. ಶಿರಹಟ್ಟಿ ದಾಟಿದ ಮೇಲೆ ಗೊತ್ತಾಗಿ ಬಿಚ್ಚಿದೆ. ಅಂಗೈಯಲ್ಲಿ ಉಗುರಿನ ಗುರುತು. ಸಿಟ್ಟೇನೂ ಬಂದಿಲ್ಲ ನನಗೆ. ದಾರಿಯುದ್ದಕ್ಕೂ ಒಂದೇ ನೆನಪಾಗುತ್ತಿತ್ತು, ಆ ಬಿಳಿ ಹಲ್ಲು.

೨೮ ಜೂನ್, ಶುಕ್ರವಾರ

ಒಂಬತ್ತನೆಯ ಇಯತ್ತೆಯಲ್ಲಿ ನಾನು ಬೋರ್ಡಿಗೆ ತಿರುಗಿದಾಗ ಹಿಂದಿನ ಸಾಲಿನವನೊಬ್ಬ ನಕ್ಕ. ಉದ್ದನೆಯ ಕಟ್ಟಿಗೆ ಸ್ಕೇಲಿನಿಂದ ಎರಡು ಬಿಗಿದೆ. ಗೆಣ್ಣಿಗೆ ತಾಗಿತು. ಕ್ಲಾಸು ಎಷ್ಟು ಶಾಂತವಾಯಿತೆಂದರೆ ಫ್ಯಾನಿನ ಸಪ್ಪಳ ಕೇಳಿಸಿತು. ಇದನ್ನು ಮೊದಲೇ ಮಾಡಬೇಕಾಗಿತ್ತು ಅನ್ನಿಸಿತು. ಉಳಿದ ಮಾಸ್ತರರು ಸುಮ್ಮನೆ ಮಾಡುವುದಿಲ್ಲ.

೯ ಜುಲೈ, ಮಂಗಳವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಶಾಂಭವಿಯನ್ನು ಇಲ್ಲಿನ ಶಾಲೆಗೆ ಹಾಕಿದ್ದೇವೆ. ಸಂಜೆ ನಾನೇ ಕರೆದುಕೊಂಡು ಬರುತ್ತೇನೆ. ಇವತ್ತು ಜೊತೆಗೆ ಇಲಿಯಾಸ ಇದ್ದ. ನನ್ನೊಂದಿಗೆ ಒಂದನೆಯ ಇಯತ್ತೆಯಿಂದ ಓದಿದವನು, ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಸೋಮೇಶ್ವರ ಗುಡಿಯ ರಸ್ತೆಯಲ್ಲಿ ಮಾತಾಡುತ್ತ ಬರುತ್ತಿದ್ದೆವು. ಒಂದು ಬಿಳಿ ಜೀಪು ಹಿಂದಿನಿಂದ ಬಂದು ಅಡ್ಡ ನಿಂತಿತು. ವೀರು ಇಳಿದವನೇ ಕೂಸನ್ನು ನಡುವಿಗೆ ಕೈ ಹಾಕಿ ಎತ್ತಿದ. ಪಾಟಿಚೀಲ ಹರಿದು ಬಿತ್ತು. ಅವಳು ಕೂಗಲಿಲ್ಲ. ಬಾಯಿ ತೆರೆದಿದ್ದಳು, ದನಿ ಬರಲಿಲ್ಲ.

ಇಲಿಯಾಸ ಓಡಿ ಜೀಪಿನ ಕೀಲಿ ಕಿತ್ತುಕೊಂಡ. ರಸ್ತೆಯ ಬದಿ ಯಾರೋ ಮನೆ ಕಟ್ಟಿಸಲು ಕಬ್ಬಿಣದ ಸಲಾಕೆ ಒಟ್ಟಿದ್ದರು. ಒಂದು ತುಂಡು ನನ್ನ ಕೈಗೆ ಬಂತು. ಹೇಗೆ ಬಂತೋ. ಮೊದಲನೆಯ ಏಟು ವೀರುನ ಮೊಣಕಾಲಿನ ಹಿಂದೆ. ಅವನು ಕುಸಿದಾಗ ಕೂಸು ಕೈಯಿಂದ ಜಾರಿತು. ಅಲ್ಲಿಗೆ ಕೆಲಸ ಮುಗಿದಿತ್ತು ಅಂತ ಇಲಿಯಾಸ ಆಮೇಲೆ ಅಂದ. ಮುಗಿದಿರಲಿಲ್ಲ. ಎರಡನೆಯದು ಬೆನ್ನಿಗೆ, ಮೂರನೆಯದು ಹೆಗಲಿಗೆ. ಸಲಾಕೆ ಎಲುಬಿಗೆ ತಾಗಿದಾಗ ಕೈಯೊಳಗೆ ಒಂದು ಝುಮ್ಮೆನ್ನುವುದು ಬರುತ್ತದೆ, ಮೊಣಕೈತನಕ. ಅವನು ತೆವಳಿಕೊಂಡು ಜೀಪಿನ ಗಾಲಿಯ ಹತ್ತಿರ ಹೋದ. ಕೈ ಅಡ್ಡ ಹಿಡಿದು ಸಾಕೋ ಅಂದ. ಹಮ್ಮಿಗಿಯಲ್ಲಿ ಓಣಿಯ ಮಂದಿಯ ಮುಂದೆ ನನ್ನ ಕುತ್ತಿಗೆ ಹಿಡಿದವನು, ನಮ್ಮೂರ ಮಂದಿಯ ಮುಂದೆ ನನಗೆ ಸಾಕೋ ಅಂದ. ಮತ್ತೊಂದು ಕೊಟ್ಟೆ. ಬಾಯಿಯ ಮೇಲೆ.

ಇಲಿಯಾಸ ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದ. ಜನ ಕೀಲಿ ಇಸಿದುಕೊಂಡು, ವೀರುನನ್ನು ಜೀಪಿಗೆ ಹತ್ತಿಸಿ, ನಡೆಸಲು ಒಬ್ಬನನ್ನು ಕೊಟ್ಟು ಕಳಿಸಿದರು. ಮಗುವನ್ನು ಕದಿಯಲು ಬಂದವನು ಅಂತ ಎಲ್ಲರೂ ನನ್ನ ಪರವಾಗಿಯೇ ಮಾತಾಡಿದರು. ಕಿರಾಣಿ ಅಂಗಡಿಯವನು ಕುರ್ಚಿ ಹಾಕಿ ಚಹಾ ಕೊಟ್ಟ.

ಶಾಂಭವಿ ಗೋಡೆಗೆ ಅಂಟಿ ನಿಂತಿದ್ದಳು. ಲಂಗದಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಬಾ ಮನಿಗೆ ಹೋಗೋಣು ಅಂದರೆ ಬರಲಿಲ್ಲ, ಇಲಿಯಾಸನ ಕೈ ಹಿಡಿದಳು. ಅಪ್ಪನನ್ನು ಕಂಡು ಅಷ್ಟು ಹೆದರಿದ್ದಾಳೆ.

ಬಹಳ ದಿನಗಳ ಮೇಲೆ ಇವತ್ತು ಊಟ ರುಚಿ ಹತ್ತಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

೧೬ ಜುಲೈ, ಮಂಗಳವಾರ

ಶಾಂಭವಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದೇನೆ. ಮನಸ್ಸಿಲ್ಲ ಅವಳಿಗೆ. ಪೆನ್ಸಿಲು ಸಡಿಲ ಹಿಡಿಯುತ್ತಾಳೆ. ಮಣಿಕಟ್ಟು ಹಿಡಿದು ಗೆರೆ ಎಳೆಸಿದೆ. ಸ್ವಲ್ಪ ಹೊತ್ತಿಗೆ ಅಳು. ಒಂದು ಹಾಳೆ ಹಾಳು.

೨೨ ಜುಲೈ, ಸೋಮವಾರ

ವೀರು ಪಾಸ್‌ಪೋರ್ಟ್ ಕಚೇರಿಗೆ ತಕರಾರು ಬರೆದು ಕೊಟ್ಟಿದ್ದಾನೆ. ಅದರ ಮೇಲೆ ಗದಗಿನ ಕೋರ್ಟಿನಲ್ಲಿ ಮಗಳು ತನ್ನ ಹತ್ತಿರ ಇರಬೇಕೆಂದು ಅರ್ಜಿ ಹಾಕಿದ್ದಾನೆ. ಇನ್ನು ಕೋರ್ಟ್ ಹೇಳಿದ ಹೊರತು ಕೂಸು ದೇಶ ಬಿಡುವಂತಿಲ್ಲ. ನ್ಯಾಯಾಧೀಶರು ಶಾಂಭವಿಯನ್ನೇ ಕರೆದು ಕೇಳುತ್ತಾರೆ, ಅದು ಸೆಪ್ಟೆಂಬರಿನಲ್ಲಿ ಅಂದರು ತಸ್ಲೀಮ ವಕೀಲರು. ಗುಡಿ ರಸ್ತೆಯ ಸುದ್ದಿ ಅವರಿಗೂ ಮುಟ್ಟಿದೆ. ವೀರು ಅದರ ಬಗ್ಗೆ ಫಿರ್ಯಾದಿ ಕೊಟ್ಟಿಲ್ಲ, ಕೊಟ್ಟರೆ ಕೂಸನ್ನು ಎತ್ತಲು ಬಂದದ್ದು ಹೊರಗೆ ಬರುತ್ತದೆ, ಅಷ್ಟಕ್ಕೆ ನೀವು ಪಾರು, ಇನ್ನೊಂದು ಸಲ ಹೀಗಾದರೆ ನಾನು ಈ ಕೇಸು ನಡೆಸಲಾರೆ, ಅಂದರು.

ಸುನಿತಾ ತಲೆ ತಗ್ಗಿಸಿ ಕೂತಿದ್ದಳು. ಬಸ್ಸಿನಲ್ಲಿ ಹೇಳಿದಳು, ಮಸ್ಕತ್ತಿನವರು ನವೆಂಬರ್ ಮುಗಿಯುವತನಕ ಕಾಯುತ್ತಾರಂತೆ, ನಾನೂ ಕಾಯುತ್ತೇನೆ ಅಂತ. ಕಾಯುವುದೇ ಇವಳ ಹಣೆಬರಹ. ಅವನ ಮನೆಯಲ್ಲೂ ಕಾದಳು. ಒಂದು ಸಹಿಗಾಗಿ ಇಡೀ ಕೋರ್ಟು ಕಟಕಟೆ. ಸಹಿ ಅಂದರೆ ಏನು, ಕೈ ಒಂದಿಷ್ಟು ಅಲುಗಾಡುವುದು.

೩೧ ಜುಲೈ, ಬುಧವಾರ

ಕಸ್ತೂರಿ ಇತ್ತಿತ್ತಲಾಗಿ ಎದುರು ಮಾತಾಡುತ್ತಾಳೆ. ನೀವು ಮೊದಲಿನಂಗ ಇಲ್ಲ ಅಂದಳು. ಅಡುಗೆಮನೆಯ ಬಾಗಿಲಿನಲ್ಲಿ ಅಡ್ಡ ನಿಂತಿದ್ದಳು, ಸರಿಸಿದೆ. ತಳ್ಳಿದೆ ಅನ್ನುವಂತೇನಲ್ಲ, ಸರಿಸಿದೆ. ಚೌಕಟ್ಟು ಹಣೆಗೆ ತಾಗಿತು.

ಒಂದು ಆಶ್ಚರ್ಯ. ಯಾರೂ ಹೇಳದೆ ಶಾಂಭವಿ ಎದ್ದು ಹೋಗಿ ಅರಿಷಿಣದ ಡಬ್ಬಿ ತಂದಳು. ಒಂದು ಅರಿವೆ ತೊಯ್ಸಿ ತಂದಳು. ಅತ್ತಿಯ ಹಣೆಗೆ ಒತ್ತಿ ಹಿಡಿದಳು. ಚೂಟಿ ಹುಡುಗಿ.

೪ ಆಗಸ್ಟ್, ರವಿವಾರ

ಸಹಿ ಸಿಕ್ಕಿತು.

ಬೆಳಿಗ್ಗೆ ಇಲಿಯಾಸನ ಗಾಡಿಯ ಮೇಲೆ ಹೋದೆವು. ಹೆದರಿಸುವುದಷ್ಟೇ ಅಂತ ಅವನಿಗೆ ಹೇಳಿದ್ದೆ. ಹಮ್ಮಿಗಿಯ ಹೊರಗೆ ವೀರುನ ತಗಡಿನ ಶೆಡ್ಡು, ಅಲ್ಲಿ ಒಬ್ಬನೇ ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚುತ್ತಿದ್ದ. ಹೊಳೆ ತುಂಬಿ ಬಂದಿದೆ, ಅದರ ಸಪ್ಪಳಕ್ಕೆ ನಾವು ಬಂದದ್ದು ಅವನಿಗೆ ಕೇಳಲಿಲ್ಲ. ಇಲಿಯಾಸ ಹಿಂದಿನಿಂದ ಕೊರಳಿಗೆ ತೋಳು ಹಾಕಿ ಹಿಡಿದ. ನಾನು ಪತ್ರ ತೋರಿಸಿದೆ. ಉಗುಳಿದ.

ಟ್ರೇಲರಿನ ಹಿಂದಿನ ಕಬ್ಬಿಣದ ಬಾಗಿಲು ಸರಪಳಿಯಲ್ಲಿ ಜೋತಾಡುತ್ತಿತ್ತು. ಅವನ ಎಡಗೈಯನ್ನು ಅಂಚಿನ ಮೇಲೆ ಇಟ್ಟು ಬಾಗಿಲು ಹಾಕಿದೆ. ಕೂಗಿದ. ಸಹಿ ಅಂದೆ. ಇಲ್ಲ ಅಂದ. ಬಾಗಿಲು ತೆಗೆದು ಮತ್ತೆ ಹಾಕಿದೆ, ಈ ಸಲ ಮೈಭಾರ ಕೊಟ್ಟು. ಕಬ್ಬು ಮುರಿದಾಗ ಬರುತ್ತದಲ್ಲ, ಅಂಥ ಸಪ್ಪಳ. ಬಲಗೈ ಮುಟ್ಟಲಿಲ್ಲ. ಸಹಿ ಮಾಡಬೇಕಲ್ಲ.

ಬಾಗಿಲು ಹಾಕಿದಂತೆಯೇ ಇಟ್ಟು ಪೆನ್ನು ಕೊಟ್ಟೆ. ಮಾಡಿದ. ಸ್ವಲ್ಪ ಓರೆಯಾಗಿದೆ, ಆದರೆ ಹೆಸರು ಓದಬಹುದು. ತೊಟ್ಟಿಕ್ಕುತ್ತಿದ್ದ ಕಡೆಯಿಂದ ಹಾಳೆಯನ್ನು ದೂರ ಹಿಡಿದಿದ್ದೆ, ಆದರೂ ಒಂದು ಮೂಲೆಗೆ ಹತ್ತಿತು.

ನಾನು ಹಾಳೆ ಮಡಚುತ್ತಿದ್ದಾಗ ಇಲಿಯಾಸ ಬಾಗಿಲು ತೆಗೆದು ಅವನನ್ನು ಬಿಡಿಸಿದ. ಎರಡು ಬೆರಳು ಬೆರಳಿನಂತೆ ಇರಲಿಲ್ಲ. ವೀರು ನೆಲದ ಮೇಲೆ ಮಲಗಿ ಅವ್ವನನ್ನು ಕರೆಯುತ್ತಿದ್ದ. ದಾರಿಯಲ್ಲಿ ಇಲಿಯಾಸ ಗಾಡಿ ನಿಲ್ಲಿಸಿ ವಾಂತಿ ಮಾಡಿಕೊಂಡ. ಊರಿಗೆ ಬಂದು ಇಳಿಸುವಾಗ, "ನಂದೀಶ, ಇನ್ನ ನನ್ನ ಅಂಗಡಿ ಕಡೆ ಬರಬ್ಯಾಡ" ಅಂದ. ನಾಳೆ ಸರಿಹೋಗುತ್ತಾನೆ. ಮೊದಲಿನಿಂದಲೂ ಮೆತ್ತಗಿನ ಮನಸ್ಸಿನವನು.

೫ ಆಗಸ್ಟ್, ಸೋಮವಾರ

ಸುನಿತಾ ಗದಗಿನ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿ ಬಂದ ಮೇಲೆ ಪತ್ರ ಕೊಟ್ಟೆ. ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಸಹಿ ನೋಡಿದಳು, ಹಾಳೆಯ ಮೂಲೆ ನೋಡಿದಳು. ಹೇಗೆ ಮಾಡಿಸಿದಿ ಅಂತ ಕೇಳಿದಳು. ಹೇಳಿದೆ. ಇದ್ದದ್ದು ಇದ್ದಂತೆ ಹೇಳಿದೆ, ಅವಳಿಗಾಗಿ ಮಾಡಿದ್ದಲ್ಲವೇ.

"ಇದು ನನಗ ಬ್ಯಾಡ ಅಣ್ಣಾ" ಅಂದಳು.

ಅವಳ ಹಲ್ಲಿಗಾಗಿ, ಅವಳ ಕೂಸಿಗಾಗಿ ನಾನು ಏನೆಲ್ಲ ಮಾಡಿ ಬಂದರೆ ಬೇಡವಂತೆ. ಹಾಳೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಗಟ್ಟಿ ಹಿಡಿದೆನೋ ಏನೋ, ಬಳೆ ಒಡೆಯಿತು. ಇಟ್ಕೋ ಅಂದೆ. ಇಟ್ಕೋ, ಇಟ್ಕೋ. ಕಸ್ತೂರಿ ನನ್ನ ತೋಳು ಜಗ್ಗುತ್ತಿದ್ದಳು. ಶಾಂಭವಿ ಎಲ್ಲಿದ್ದಳೋ, ಕಾಣಲಿಲ್ಲ. ಆಮೇಲೆ ಹುಡುಕಿದರೆ ಮಂಚದ ಕೆಳಗೆ ಮಲಗಿ ನಿದ್ದೆ ಹೋಗಿದ್ದಳು. ಸೆಕೆಗೆ ಹುಡುಗರು ತಂಪು ನೆಲ ಹುಡುಕುತ್ತಾರೆ.

೨೪ ಆಗಸ್ಟ್, ಶನಿವಾರ

ನಿನ್ನೆ ಜಾಮೀನು ಸಿಕ್ಕಿತು. ಪಂಚಮಿಯ ದಿನ ಹಿಡಿದುಕೊಂಡು ಹೋಗಿದ್ದರು. ಕಸ್ತೂರಿ ಉಂಡಿ ಕಟ್ಟುತ್ತಿದ್ದಳು, ತಂಗಿ ತವರಿನಲ್ಲಿದ್ದಾಳೆ ಅಂತ ನಾನು ಹಿಂದಿನ ದಿನವೇ ಜಂತಿಗೆ ಜೋಕಾಲಿ ಕಟ್ಟಿದ್ದೆ. ಮುಂಡರಗಿಯ ಪೊಲೀಸರು ಜೀಪಿನಲ್ಲಿ ಬಂದರು. ಓಣಿಯಲ್ಲಿ ಜೋಕಾಲಿ ಆಡುತ್ತಿದ್ದ ಹುಡುಗಿಯರೆಲ್ಲ ಇಳಿದು ನಿಂತು ನೋಡಿದರು.

ಠಾಣೆಯಲ್ಲಿ ನನ್ನನ್ನು ಹೊಡೆದರು. ಅಂಗಾಲಿಗೆ. ಯಾರು ಹೇಗೆ ಹೊಡೆಯುತ್ತಾರೆ ಅನ್ನುವುದನ್ನು ನೋಡುತ್ತಿದ್ದೆ. ಒಬ್ಬ ತೋಳಿನಿಂದ ಹೊಡೆಯುತ್ತಾನೆ, ಅದು ಉರಿ ಅಷ್ಟೇ. ಇನ್ನೊಬ್ಬ ಹೆಗಲಿನಿಂದ ಹೊಡೆಯುತ್ತಿದ್ದ, ಅವನಿಗೆ ಗೊತ್ತಿದೆ.

ಸಹಿಯ ಹಾಳೆ ಸಾಹೇಬರ ಮೇಜಿನ ಮೇಲೆ ಇತ್ತು. ಎಲ್ಲಿಂದ ಬಂತು ಅಂದೆ. ನಿಮ್ಮ ತಂಗಿಯೇ ತಂದು ಕೊಟ್ಟಿದ್ದಾಳೆ ಅಂದರು. ಇದು ಹೆದರಿಸಿ ಹಾಕಿಸಿದ ಸಹಿ, ನನಗೆ ಇದು ಬೇಡ, ನಾನು ಇದನ್ನು ಎಲ್ಲಿಯೂ ಬಳಸುವುದಿಲ್ಲ ಅಂತ ಹೇಳಿಕೆ ಬರೆಸಿದ್ದಾಳಂತೆ. ತಸ್ಲೀಮ ವಕೀಲರು ಜೊತೆಗೆ ಬಂದಿದ್ದರಂತೆ.

ಇಲಿಯಾಸನನ್ನೂ ಹಿಡಿದಿದ್ದರು, ಜೈಲಿನಲ್ಲಿ ಒಂದು ಮೂಲೆಯಲ್ಲಿ ಅವನು, ಇನ್ನೊಂದರಲ್ಲಿ ನಾನು. ಅವನ ಹೆಂಡತಿ ಅಮೀರಾ ಭೇಟಿಗೆ ಬಂದಾಗ ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ಮುಖ ತಿರುಗಿಸಿದಳು.

ಶಾಲೆಯಿಂದ ಅಮಾನತ್ತಿನ ಪತ್ರ ಬಂದಿದೆ. ಅದರಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗನ ಗೆಣ್ಣಿನ ಸಂಗತಿಯೂ ಇದೆ. ಯಾವಾಗಿನದೋ ತೆಗೆದಿದ್ದಾರೆ.

ಮನೆಗೆ ಬಂದಾಗ ಸುನಿತಾ ಕಾಲಿಗೆ ಎಣ್ಣೆ ಹಚ್ಚಿದಳು. ನಾನೂ ಬೇಡ ಅನ್ನಲಿಲ್ಲ. ಅವಳ ಹೊಸ ಹಲ್ಲು ಚೆನ್ನಾಗಿ ಕೂತಿವೆ. ಹಚ್ಚಿ ಮುಗಿಸಿ, ಕೈ ತೊಳೆದುಕೊಂಡು, ಹೇಳಿದಳು. "ನಿನ್ನ ಮ್ಯಾಲ ಸಿಟ್ಟಿಲ್ಲ ಅಣ್ಣಾ. ಆದ್ರ ಅವನ ಬೆರಳ ಮುರದು ಕೂಸಿನ್ನ ಒಯ್ದ್ರ, ನಾಳೆ ಆಕಿ ಕೇಳಿದ್ರ ಏನ ಹೇಳ್ಲಿ?"

ನಾನು ಕಾಲು ಹಿಂದೆ ಎಳೆದುಕೊಂಡೆ.

೧೮ ಸೆಪ್ಟೆಂಬರ್, ಬುಧವಾರ

ಗದಗ ಕೋರ್ಟ್. ನನಗೆ ಒಳಗೆ ಬರಬೇಡಿ ಅಂದಿದ್ದರು ವಕೀಲರು. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ವೀರು ಬಂದಿದ್ದ, ಎಡಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು. ಎರಡು ಬೆರಳು ತೆಗೆದಿದ್ದಾರೆ. ಮಾರಿ ಇಳಿದಿದೆ. ನನ್ನನ್ನು ಕಂಡವನೇ ಅಪ್ಪನ ಹಿಂದೆ ಸರಿದ. ದೇವೇಂದ್ರಪ್ಪ ನಮಸ್ಕಾರ ಮಾಡಿದರು, ದೂರದಿಂದ.

ಶಾಂಭವಿಯನ್ನು ನ್ಯಾಯಾಧೀಶರು ತಮ್ಮ ಖೋಲಿಯೊಳಗೆ ಕರೆದು ಮಾತಾಡಿಸಿದರು. ತಾಯಿಯನ್ನೂ ಬಿಡಲಿಲ್ಲ, ಒಬ್ಬ ಹೆಣ್ಣುಮಗಳು ಸಿಪಾಯಿ ಮಾತ್ರ. ಬಹಳ ಹೊತ್ತಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಬಿಸ್ಕೀಟು ಇತ್ತು. ಏನ ಕೇಳಿದ್ರವ್ವಾ ಅಂದೆ. ಬಿಸ್ಕೀಟನ್ನು ನನ್ನ ಕಡೆ ಚಾಚಿದಳು, ಪೂರಾ. ತಗೊಳ್ಳುವತನಕ ಕೈ ಇಳಿಸಲಿಲ್ಲ.

೩೦ ಸೆಪ್ಟೆಂಬರ್, ಸೋಮವಾರ

ಗೆದ್ದೆವು. ಮಗಳನ್ನು ಕರೆದುಕೊಂಡು ಹೋಗಲು ತಾಯಿಗೆ ಅಪ್ಪಣೆಯಾಗಿದೆ. ತಂದೆಯ ಸಹಿ ಬೇಕಿಲ್ಲ. ಅವನು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಬಹುದು, ವರ್ಷಕ್ಕೊಮ್ಮೆ ಊರಿಗೆ ಕರೆತಂದು ತೋರಿಸಬೇಕು.

ಪೇಢೆ ತಂದಿದ್ದೆ. ಮನೆಗೆ ಬಂದರೆ ಸುನಿತಾ ಚೀಲ ಕಟ್ಟುತ್ತಿದ್ದಳು. ಹೋಗುವತನಕ ಬೆಟಗೇರಿಯಲ್ಲಿ ಒಂದು ಖೋಲಿ ಹಿಡಿದಿದ್ದೇನೆ, ಆಸ್ಪತ್ರೆಗೂ ಹತ್ತಿರ ಅಂದಳು. ಈಗೇಕೆ, ಗೆದ್ದ ಮೇಲೆ ಏಕೆ ಅಂತ ಕೇಳಿದೆ. ಕೋರ್ಟೇ ಹೇಳಿದೆ ಅಂದಳು. ನನಗೆ ಅರ್ಥವಾಗಲಿಲ್ಲ. ಕಸ್ತೂರಿಯ ಕಡೆ ನೋಡಿದೆ, ಅವಳು ಒಳಗೆ ಹೋದಳು.

ಆಗ ಸುನಿತಾ ಚೀಲದ ಜಿಪ್ಪು ಎಳೆಯುವುದನ್ನು ಬಿಟ್ಟು ಹೇಳಿದಳು. ನ್ಯಾಯಾಧೀಶರು ಶಾಂಭವಿಗೆ ನಿನಗ ಯಾರ ಅಂಜಿಕಿ ಅಂತ ಕೇಳಿದ್ದರಂತೆ. "ಅಪ್ಪಂದು, ಮಾಮಾಂದು" ಅಂದಳಂತೆ. ಯಾರದು ಹೆಚ್ಚು ಅಂದದ್ದಕ್ಕೆ, "ಅಪ್ಪ ಅಲ್ಲೆ ಊರಾಗ ಇರ್ತಾನ. ಮಾಮಾ ಮನ್ಯಾಗ ಇರ್ತಾನ" ಅಂದಳಂತೆ.

ಈ ಊರಲ್ಲಿ ಕೂಸನ್ನು ಬಿಡಲು ನೆಲೆಯಿಲ್ಲ, ತಾಯಿಯ ಜೊತೆ ದೂರ ಹೋಗುವುದೇ ಒಳ್ಳೆಯದು ಅಂತ ನ್ಯಾಯಾಧೀಶರು ಬರೆದಿದ್ದಾರಂತೆ, ಅದಕ್ಕಾಗಿಯೇ ಅಪ್ಪಣೆ ಕೊಟ್ಟದ್ದಂತೆ.

ಮಕ್ಕಳು ಹೇಳಿಕೊಟ್ಟದ್ದನ್ನು ಹೇಳುತ್ತವೆ. ವಕೀಲರು ಹೇಳಿಕೊಟ್ಟಿರಬೇಕು, ಕೇಸು ಗೆಲ್ಲಲು. ಜಾಣೆ ಆಕೆ. ಹಾಗೆಯೇ ಸುನಿತಾಳಿಗೆ ಹೇಳಿದೆ. ಅವಳು ಚೀಲದ ಜಿಪ್ಪು ಎಳೆದಳು. ಬಸ್ ಸ್ಟ್ಯಾಂಡಿಗೆ ಚೀಲ ನಾನು ಹೊರುತ್ತೇನೆ ಅಂದೆ. ಬೇಡ, ಹಗುರ ಇದೆ ಅಂದಳು. ಹಗುರ ಇರಲಿಲ್ಲ.

೨ ಡಿಸೆಂಬರ್, ಸೋಮವಾರ

ನಿನ್ನೆ ಹೋದರಂತೆ. ಕಸ್ತೂರಿಗೆ ಫೋನು ಬಂದಿತ್ತು. ಶಾಂಭವಿ ವಿಮಾನದ ಕಿಟಕಿಯಲ್ಲಿ ಕೂತ ಫೋಟೋ ಕಳಿಸಿದ್ದಾರೆ. ನಕ್ಕಿದ್ದಾಳೆ. ಇಷ್ಟು ತಿಂಗಳು ನಮ್ಮ ಮನೆಯಲ್ಲಿದ್ದಳು, ಅವಳಿಗೂ ಮುಂದಿನ ಹಲ್ಲು ಬಿದ್ದದ್ದು ನಾನು ಈಗ ನೋಡಿದೆ.

೨೦ ಡಿಸೆಂಬರ್, ಶುಕ್ರವಾರ

ಕಸ್ತೂರಿ ಶಿರಹಟ್ಟಿಗೆ ತವರಿಗೆ ಹೋಗಿದ್ದಾಳೆ. ಕೇಸು ಮುಗಿಯಲಿ, ಆಮೇಲೆ ನೋಡೋಣ ಅಂದಳು. ಹೋಗುವ ಮುಂಚೆ ಜೋಳದ ಹಿಟ್ಟು ಬೀಸಿಸಿ ಇಟ್ಟಿದ್ದಾಳೆ. ಯಾವ ಮಾತಿಗೆ ಹೋದಳೋ ತಿಳಿಯದು. ನಾನು ಏನೂ ಅಂದಿರಲಿಲ್ಲ. ನೀರು ಕೊಡು ಅಂದಿದ್ದೆ ಅಷ್ಟೇ. ಚರಿಗೆ ಎಸೆದದ್ದು ಗೋಡೆಗೆ.

೧೪ ಜನವರಿ ೨೦೨೫, ಮಂಗಳವಾರ
ಸಂಕ್ರಾಂತಿ

ಬೆಳಿಗ್ಗೆ ಬಾಗಿಲು ಬಡಿದ ಸಪ್ಪಳವಾಯಿತು. ತೆರೆದರೆ ದೇವೇಂದ್ರಪ್ಪ. ಹಮ್ಮಿಗಿಯಿಂದ ಮೊದಲನೆಯ ಬಸ್ಸಿಗೆ ಬಂದಿದ್ದಾರೆ. ಬಿಳಿ ಧೋತರ, ತಲೆಗೆ ರುಮಾಲು. ಒಂದು ಸಣ್ಣ ಗಂಟನ್ನು ಎದೆಗೆ ಹಿಡಿದುಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಇನ್ನೊಂದು ಕೈ ಮುಖದ ಮುಂದೆ ಬಂತು.

"ಹೊಡೀಬ್ಯಾಡೋ ತಮ್ಮಾ" ಅಂದರು. "ಜಗಳಕ್ಕ ಬಂದಿಲ್ಲ. ಕೂಸಿಗೆ ಕುಸುರೆಳ್ಳು ತಂದೇನಿ. ಕೊಟ್ಟು ಹೊಕ್ಕೀನಿ."

ಕೂಸು ಹೋಗಿ ಬಹಳ ದಿನವಾಯಿತು ಅಂದೆ. ಅವರಿಗೆ ಯಾರೂ ಹೇಳಿಲ್ಲ. ಮಗ ಈಗ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನಂತೆ. ಮುದುಕರು ಗಂಟನ್ನು ನೋಡುತ್ತ ನಿಂತರು. ದೊಡ್ಡಾಕಿ ಆಗ್ಯಾಳೇನ ಅಂತ ಕೇಳಿದರು. ಆಗ್ಯಾಳ ಅಂದೆ. ಫೋಟೋ ಇದೆ, ಒಳಗೆ ಬರ್ರಿ, ಕುಂಡ್ರಿ, ತೋರಿಸ್ತೀನಿ ಅಂದೆ.

ಒಳಗೆ ನೋಡಿದರು. ಕಸ್ತೂರಿ ಇಲ್ಲದ ಪಡಸಾಲೆ, ಒಂದು ಕುರ್ಚಿ, ಗೋಡೆಯ ಬುಡದಲ್ಲಿ ನೆಗ್ಗಿದ ಚರಿಗೆ. ಮನ್ಯಾಗ ಯಾರೂ ಇಲ್ಲೇನ ಅಂದರು. ಯಾರೂ ಇಲ್ಲ ಅಂದೆ. ಹಾಂಗಾದ್ರ ಇಲ್ಲೇ ಹೊರಗ ಇರ್ತೀನಿ ಅಂದರು.



"ಕಾಕಾ, ನಾ ಹೊಡ್ಯಾಂವ ಅಲ್ಲ" ಅಂದೆ.

"ಹೌದಪ್ಪಾ, ಹೌದು" ಅಂದರು. ಜಲ್ದಿ ಜಲ್ದಿ ತಲೆಯಾಡಿಸಿದರು. ಅವರ ಮಗನಿಗೂ ಅವರು ಹೀಗೆಯೇ ತಲೆಯಾಡಿಸಿರಬೇಕು.

ದೂರದಿಂದ ಬಂದವರು, ನೀರಾದರೂ ಕುಡಿಯಲಿ ಅಂತ ತರಲು ನಾನು ತಟ್ಟನೆ ತಿರುಗಿದೆ. ಅವರು ಮೆಟ್ಟಿಲು ಇಳಿದು ಹಿಂದೆ ಸರಿದರು.